ಬಾಯಿಬಿಟ್ಟು ಕೇಳುವುದು

ಬಟ್ಟೆ ನೆನೆಹಾಕುವ ಮೊದಲು ನನ್ನ ಅಂಗಿಗಳ ಜೇಬು ತಡಕುವುದು ನನ್ನ ಹೆಂಡತಿ ಸುಶೀಲಾಳ ಹಳೆಯ ರೂಢಿ. ಅಲ್ಲಿ ಅವಳಿಗೆ ಇದುವರೆಗೆ ಕುತೂಹಲದ ವಸ್ತುವೇನೂ ಸಿಕ್ಕಿಲ್ಲ. ಸಿಗುವುದು ಜ್ಯೇಷ್ಠಮಧುವಿನ ಕಡ್ಡಿಯ ತುಂಡು, ಅದಕ್ಕೆ ಅಂಟಿಕೊಂಡ ಒಂದಿಷ್ಟು ನೂಲು, ಅಷ್ಟೇ. ಮೊನ್ನೆ ಹಾಗೆ ಸಿಕ್ಕ ತುಂಡೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ನೌಕರಿ ಮುಗದು ಇಷ್ಟ ದಿನಾ ಆತು. ಇನ್ನೂ ಯಾರನ್ನ ಒದರಿ ಕರ್ಯಾಕ ಗಂಟಲಾ ಸಜ್ಜ ಮಾಡಾಕತ್ತೀರಿ?" ಎಂದಳು.

ನಾನು ಆ ತುಂಡನ್ನು ಇಸಿದುಕೊಂಡು ಬಾಯಿಗೆ ಹಾಕಿಕೊಂಡೆ. ಬಾಯಲ್ಲಿ ಏನಾದರೂ ಇದ್ದಾಗ ಉತ್ತರ ಕೊಡುವ ಜವಾಬ್ದಾರಿ ಇರುವುದಿಲ್ಲ. ಆದರೆ ಅವಳ ಪ್ರಶ್ನೆ ಮಾತ್ರ ಜ್ಯೇಷ್ಠಮಧುವಿನ ಜೊತೆ ಇಡೀ ಮುಂಜಾನೆ ಬಾಯಲ್ಲೇ ಉಳಿಯಿತು.

ನಾನು ಮುಧೋಳದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ನೀವು ಬಸ್ಸಿಗೆ ಕಾದು ಕಾದು ಸುಸ್ತಾಗಿ ಕುಳಿತಾಗ, ಜಾಲರಿಯ ಕಿಟಕಿಯ ಹಿಂದಿನಿಂದ ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿ, ನಿಮ್ಮ ಬಸ್ಸೊಂದನ್ನು ಬಿಟ್ಟು ಉಳಿದೆಲ್ಲ ಬಸ್ಸುಗಳ ಸುದ್ದಿ ಹೇಳುತ್ತಾನಲ್ಲ, ಅವನೇ ನಾನು. ಜಮಖಂಡಿ, ಬನಹಟ್ಟಿ, ರಬಕವಿ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ರಸ್ತೆಯಾಚೆಯ ಚಹಾದಂಗಡಿಯವರೆಗೂ ಕೇಳುತ್ತಿತ್ತು. ಕರೆಂಟು ಹೋದಾಗ ಮೈಕಿಲ್ಲದೆಯೇ ಹೇಳುತ್ತಿದ್ದೆ. ವ್ಯತ್ಯಾಸ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇಂಥ ಗಂಟಲಿನ ಮನುಷ್ಯನಿಗೆ ಚರ್ಚಿನಲ್ಲಿ ಎದ್ದು ನಿಂತು ಎರಡು ಮಾತಿನ ಪ್ರಾರ್ಥನೆ ಮಾಡಲು ಬರುತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮದು ಸಣ್ಣ ಸಭೆ. ಕಣ್ಣು ಮುಚ್ಚಿಕೊಂಡಿದ್ದರೂ ಕೆಮ್ಮಿದವರು ಯಾರೆಂದು ಹೇಳಬಹುದು, ಅಷ್ಟು ಸಣ್ಣದು. ಆರಾಧನೆಯ ನಡುವೆ ಸಭಾಪಾಲಕರು, ಅಂದರೆ ನಮ್ಮ ಪಾದ್ರಿಗಳು, "ಈಗ ಯಾರಾದರೊಬ್ಬರು ಪ್ರಾರ್ಥನೆ ಮಾಡಬಹುದು" ಎಂದು ಹೇಳಿ ಸುಮ್ಮನಾಗುತ್ತಾರೆ. ಆ ನಿಶ್ಶಬ್ದ ನನಗೆ ಆಗದು. ಫ್ಯಾನಿನ ರೆಕ್ಕೆಗೆ ಕೂತ ಧೂಳು, ಮುಂದಿನ ಸಾಲಿನವರ ಕಾಲರಿನ ಹೊಲಿಗೆ, ಇಂಥವುಗಳ ಮೇಲೆ ನನಗೆ ಏಕಾಏಕಿ ಅಪಾರ ಆಸಕ್ತಿ ಹುಟ್ಟುತ್ತಿತ್ತು. ಕೊನೆಗೆ ಸುಶೀಲಾಳೇ ಎದ್ದು ಪ್ರಾರ್ಥನೆ ಮಾಡುವಳು. ಅವಳಿಗೆ ದೇವರ ಜೊತೆ ಮಾತಾಡುವುದೂ ಓಣಿಯ ಹೆಂಗಸರ ಜೊತೆ ಮಾತಾಡುವುದೂ ಒಂದೇ. ಎರಡೂ ಕಡೆ ಅವಳೇ ಹೆಚ್ಚು ಮಾತಾಡುತ್ತಾಳೆ.

ಇದು ಹುಟ್ಟಿನಿಂದ ಬಂದ ದೋಷ ಎನ್ನುವಂತೆಯೂ ಇಲ್ಲ. ರಬಕವಿಯಲ್ಲಿ ನಮ್ಮ ಅಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು, ಸಭೆಯ ಹಿರಿಯರೂ ಆಗಿದ್ದರು. ವಾರವಿಡೀ ಮಗ್ಗದ ಸದ್ದಿನಲ್ಲಿ ಆಡಲಾಗದೆ ಉಳಿದ ಮಾತನ್ನೆಲ್ಲ ಅವರು ಭಾನುವಾರದ ಪ್ರಾರ್ಥನೆಗೆ ಕೂಡಿಡುತ್ತಿದ್ದರು ಎಂದು ಕಾಣುತ್ತದೆ. ಅದೂ ಮನೆಯ ಮಾತಲ್ಲ. "ಸರ್ವಶಕ್ತನೂ ಕೃಪಾಪೂರ್ಣನೂ ಆಗಿರುವ ನಮ್ಮ ಪರಲೋಕದ ತಂದೆಯೇ" ಎಂದು ಶುರುವಾದರೆ ಜಗತ್ತಿನ ಸೃಷ್ಟಿಯಿಂದ ಹೊರಟು, ರಾಜ್ಯವಾಳುವವರನ್ನು ಹಾದು, ರೋಗಿಗಳು, ವಿಧವೆಯರು, ಪ್ರಯಾಣದಲ್ಲಿರುವವರು, ಹೊಳೆಯ ನೀರು, ದನಕರು ಎಲ್ಲವನ್ನೂ ಮುಟ್ಟಿಕೊಂಡು ಬರಬೇಕು. ಈಸ್ಟರ್ ಹಬ್ಬದ ಮಧ್ಯಾಹ್ನವಂತೂ ಕೇಳಬೇಡಿ. ನಲವತ್ತು ದಿನದ ವ್ರತ ಮುಗಿದು ಮನೆಯಲ್ಲಿ ಕೋಳಿಯ ಸಾರು ಆಗಿರುತ್ತಿತ್ತು. ತಾಟಿನಲ್ಲಿ ಸಾರು ಆರುತ್ತ, ಮೇಲೆ ಎಣ್ಣೆಯ ಕೆನೆ ಕಟ್ಟುತ್ತ ಇದ್ದರೆ ಅಪ್ಪ ಇನ್ನೂ ಜಲಪ್ರಳಯದ ನೋಹನ ಹಡಗಿನಿಂದಲೇ ಇಳಿದಿರುತ್ತಿರಲಿಲ್ಲ. ಅವ್ವ ಒಮ್ಮೆ ಕೆಮ್ಮುವಳು. ಉಪಯೋಗವಿಲ್ಲ. ಆಗ ನನ್ನ ತಂಗಿ ರೂತ್, ಅಪ್ಪ ಉಸಿರು ತೆಗೆದುಕೊಳ್ಳುವ ಸಂದು ನೋಡಿ, ಗಟ್ಟಿಯಾಗಿ "ಆಮೆನ್" ಎಂದುಬಿಡುವಳು! ಅಪ್ಪ ಒಂದು ಕಣ್ಣು ತೆರೆದು ಅವಳನ್ನು ನೋಡುವರು. ಆಮೇಲೆ ಅದೇ ಸರಿಯೆನಿಸಿ ತಾವೂ ಆಮೆನ್ ಎಂದು ರೊಟ್ಟಿ ಮುರಿಯುವರು.

ನನ್ನಿಂದಲೂ ಪ್ರಾರ್ಥನೆ ಮಾಡಿಸುವ ಪ್ರಯತ್ನಗಳು ನಡೆದವು. ಚಿಕ್ಕವನಿದ್ದಾಗ ಒಂದು ಶುಭ ಶುಕ್ರವಾರ, ಮೂರು ತಾಸಿನ ಆರಾಧನೆಯ ನಡುವೆ, ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನನಗೆ ಬರುತ್ತಿದ್ದುದು ಒಂದೇ ಪ್ರಾರ್ಥನೆ. ಕಣ್ಣು ಮುಚ್ಚಿ, "ತಂದೆಯೇ, ನಮ್ಮ ಮುಂದಿಟ್ಟಿರುವ ಈ ಊಟಕ್ಕಾಗಿ ಸ್ತೋತ್ರ" ಎಂದೆ. ಮುಂಜಾನೆಯಿಂದ ಉಪವಾಸವಿದ್ದ ಜನ ಅವರು! ಕ್ರಿಸ್ತನ ಮರಣದ ದಿನ ನಮ್ಮ ಚರ್ಚಿನಲ್ಲಿ ನಗು ಕೇಳಿಬಂದದ್ದು ಅದೊಂದೇ ಸಲ ಎಂದು ಹಿರಿಯರು ಹೇಳುತ್ತಿದ್ದರು.

ಕಂಟ್ರೋಲರ್ ಆದಮೇಲೆ ಮತ್ತೊಂದು ಆಯಿತು. ಹಿಂದಿನ ಸಭಾಪಾಲಕರೊಬ್ಬರು ಮುನ್ಸೂಚನೆ ಕೊಡದೆ ನನ್ನ ಹೆಸರು ಹಿಡಿದು ಕರೆದುಬಿಟ್ಟರು. ಎದ್ದು ನಿಂತೆ. "ಪರಲೋಕದಲ್ಲಿರುವ" ಎನ್ನಬೇಕೆಂದು ಬಾಯಿ ತೆರೆದರೆ, ಆ 'ಪ' ಅಕ್ಷರ ಹಿಡಿದುಕೊಂಡು ನಾಲಿಗೆ ತನ್ನ ರೂಢಿಯ ದಾರಿ ಹಿಡಿಯಿತು. "ಪ್ರಯಾಣಿಕರ ಗಮನಕ್ಕೆ" ಎಂದೆ, ಪೂರ್ತಿ ದನಿಯಲ್ಲಿ. ಹಿಂದಿನ ಸಾಲಿನಲ್ಲಿ ನಿದ್ದೆ ಮಾಡುತ್ತಿದ್ದ ಮುದುಕರೊಬ್ಬರು ಗಂಟು ಹಿಡಿದುಕೊಂಡು ಎದ್ದೇಬಿಟ್ಟರು.

ಈ ಎರಡು ಕಥೆಗಳನ್ನು ನಾನು ಬಹಳ ಕಡೆ ಹೇಳಿ ಜನರನ್ನು ನಗಿಸಿದ್ದೇನೆ. ನಾನೇಕೆ ಪ್ರಾರ್ಥನೆ ಮಾಡುವುದಿಲ್ಲ ಎಂದು ಯಾರಾದರೂ ಕೇಳಿದರೆ ಇವನ್ನೇ ಹೇಳುತ್ತಿದ್ದೆ. ನಕ್ಕವರು ಮತ್ತೆ ಕೇಳುವುದಿಲ್ಲ.

ಆದರೆ ಕಾರಣ ಅದಲ್ಲ, ಅದು ನನಗೂ ಗೊತ್ತಿತ್ತು, ಸುಶೀಲಾಗೂ ಗೊತ್ತಿತ್ತು.

ರೂತ್ ಹತ್ತನೆಯ ಇಯತ್ತೆಯಲ್ಲಿದ್ದಾಗ, ನಾನು ಜಮಖಂಡಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ, ಅವಳಿಗೆ ಜ್ವರ ಬಂತು. ಇಳಿಯಲಿಲ್ಲ. ಮಿರಜದ ದವಾಖಾನೆಗೆ ಕರೆದುಕೊಂಡು ಹೋದೆವು. ಒಂದು ಮಧ್ಯಾಹ್ನ ಅಪ್ಪ ಔಷಧ ತರಲು ಹೋಗಿದ್ದರು. ಹಾಸಿಗೆಯ ಹತ್ತಿರ ನಾನೊಬ್ಬನೇ ಇದ್ದೆ. ಅವಳು ಕಣ್ಣು ತೆರೆದು, "ಅಣ್ಣಾ, ನೀ ಪ್ರಾರ್ಥನಾ ಮಾಡೋ. ಅಪ್ಪನಂಗ ಉದ್ದ ಬ್ಯಾಡ" ಎಂದಳು. ನಾನು ಮಾಡಿದೆ. ತಡವರಿಸಲಿಲ್ಲ, ನಾಚಲಿಲ್ಲ. ಇಡೀ ವಾರ್ಡಿಗೆ ಕೇಳುವಂತೆ, ಇವಳನ್ನು ಎಬ್ಬಿಸು ಎಂದು ಕೇಳಿದೆ. ಆಚೀಚೆ ಹಾಸಿಗೆಯವರು ಆಮೆನ್ ಎಂದರು. ಮುಗಿಸಿದ ಮೇಲೆ ಅವಳಿಗೆ, "ಹಬ್ಬಕ್ಕ ಮನ್ಯಾಗಿರ್ತಿ ನೋಡ" ಎಂದೆ.

ಹಬ್ಬಕ್ಕೆ ಅವಳು ಮನೆಯಲ್ಲಿರಲಿಲ್ಲ.

ಈಸ್ಟರಿನ ದಿನ ನಸುಕಿನಲ್ಲಿ ನಾವು ಸಮಾಧಿಯ ತೋಟದಲ್ಲಿ ಸೇರುತ್ತೇವೆ. ಹಿಂದಿನ ದಿನವೇ ಸಮಾಧಿಗಳಿಗೆ ಸುಣ್ಣ ಬಳಿದು ಹೂ ಇಟ್ಟಿರುತ್ತಾರೆ. ಪೂರ್ವ ಬೆಳಗಾಗುವ ಹೊತ್ತಿಗೆ ಸಭಾಪಾಲಕರು "ಕ್ರಿಸ್ತನು ಎದ್ದಿದ್ದಾನೆ" ಎನ್ನುತ್ತಾರೆ. ನಾವೆಲ್ಲ "ನಿಜವಾಗಿಯೂ ಎದ್ದಿದ್ದಾನೆ" ಎನ್ನಬೇಕು. ಆ ವರ್ಷ ರೂತ್‌ಳ ಸಮಾಧಿ ಇನ್ನೂ ಹಸಿಮಣ್ಣಿನ ಗುಡ್ಡೆ. ಸುಣ್ಣ ಬಳಿಯಲು ಅಲ್ಲಿ ಏನೂ ಇರಲಿಲ್ಲ. ಅಪ್ಪ ಆ ಮಾತನ್ನು ಹೇಳಿದರು, ಹೇಳಿ ಅತ್ತರು. ನಾನೂ ಬಾಯಿ ತೆರೆದೆ. ದನಿ ಹೊರಡಲಿಲ್ಲ.

ಮುಂದಿನ ವರ್ಷಗಳಲ್ಲಿ ಆ ಮಾತೇನೋ ಬಂತು. ನಂಬಿಕೆ ಬಿಟ್ಟೆ ಎಂದೇನಲ್ಲ. ಹಾಡು ಹಾಡುತ್ತಿದ್ದೆ, ಎಲ್ಲರ ಜೊತೆ ಹೇಳುವುದನ್ನೆಲ್ಲ ಹೇಳುತ್ತಿದ್ದೆ. ಆದರೆ ದೇವರ ಹತ್ತಿರ ಬಾಯಿಬಿಟ್ಟು ಒಂದು ವಸ್ತು ಕೇಳುವುದನ್ನು ನಿಲ್ಲಿಸಿಬಿಟ್ಟೆ. ಕೇಳಿದರೆ ತಾನೆ ಇಲ್ಲ ಎನ್ನಿಸಿಕೊಳ್ಳುವುದು? ನನ್ನ ನೌಕರಿಯೂ ನನಗೆ ಸರಿಹೊಂದುವಂಥದ್ದೇ ಸಿಕ್ಕಿತು. ಬಂದು ನಿಂತ ಬಸ್ಸನ್ನು ನೋಡಿ ಬಂದಿದೆ ಎಂದು ಹೇಳುವುದು. ಅದರಲ್ಲಿ ಸುಳ್ಳಾಗುವ ಭಯವಿಲ್ಲ.

ಹೋದ ವರ್ಷದ ಈಸ್ಟರಿನ ಮಾತು ಹೇಳುತ್ತೇನೆ. ಮುಧೋಳದ ನಮ್ಮ ಸಮಾಧಿಯ ತೋಟ ಊರ ಹೊರಗೆ, ಕಬ್ಬು ಕಡಿದು ಬರಿದಾದ ಹೊಲಗಳ ಪಕ್ಕದಲ್ಲಿದೆ. ಗಾಳಿಗೆ ಮೇಣದಬತ್ತಿಗಳು ಆರುತ್ತಿದ್ದವು, ಒಬ್ಬರದನ್ನೊಬ್ಬರು ಹಚ್ಚಿಕೊಳ್ಳುತ್ತಿದ್ದೆವು. ಈಗಿನ ಸಭಾಪಾಲಕರು ಇನ್ನೂ ಹುಡುಗರು, ನನ್ನ ಮಗನಿಗಿಂತ ಚಿಕ್ಕವರು. ಅವರು ಮೊದಲ ಈಸ್ಟರಿನ ನಸುಕಿನಲ್ಲಿ ಕ್ರಿಸ್ತನ ಸಮಾಧಿಗೆ ಹೊರಟ ಹೆಂಗಸರ ವಿಷಯ ಹೇಳಿದರು. ಬಾಗಿಲಿಗಿಟ್ಟ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ ಎಂದು ಆ ಹೆಂಗಸರು ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಕೇಳಿಕೊಂಡರಂತೆ. ಉತ್ತರ ಯಾರ ಹತ್ತಿರವೂ ಇರಲಿಲ್ಲವಂತೆ. ಆದರೂ ಯಾರೂ ಮನೆಗೆ ತಿರುಗಲಿಲ್ಲ, ಅಂಜುತ್ತಲೇ ನಡೆದರು ಎಂದರು. ಛಲೋ ಹೇಳಿದರು ಎಂದುಕೊಂಡೆ. ಅದು ಬೇರೆ ಯಾರಿಗೋ ಹೇಳಿದ್ದು ಎಂಬಂತೆ ಕೇಳಿದೆ. ಬಳಿಕ ಅವರು "ಯಾರಾದರೊಬ್ಬರು ಪ್ರಾರ್ಥನೆ" ಎಂದಾಗ ನಾನು ಬಗ್ಗಿ ಚಪ್ಪಲಿಯ ದಾರ ಕಟ್ಟತೊಡಗಿದೆ. ನನ್ನ ಚಪ್ಪಲಿಗೆ ದಾರವೇ ಇಲ್ಲ. ಸುಶೀಲಾ ಅದನ್ನು ನೋಡಿದಳು, ಮುಂದೆ ಬಂದು ತಾನೇ ಪ್ರಾರ್ಥನೆ ಮಾಡಿದಳು.

ಚರ್ಚಿನ ಆರಾಧನೆ ಮುಗಿದ ಮೇಲೆ, ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಇಬ್ಬರೂ ಅನಗವಾಡಿಗೆ ಹೊರಟೆವು. ಅಲ್ಲಿ ಸಿದ್ದಪ್ಪನ ಮನೆ. ಸಿದ್ದಪ್ಪ ನಮ್ಮ ಡಿಪೋದಲ್ಲಿ ಡ್ರೈವರ್ ಆಗಿದ್ದವನು, ನನ್ನ ಜೊತೆಗೇ ನಿವೃತ್ತನಾದವನು. ಕುರಿ ಕಾಯುವ ಮನೆತನ. ಮನೆದೇವರು ಬೀರಪ್ಪನ ಭಂಡಾರದ ಅರಿಸಿನ ಹಣೆಗೆ ಹಚ್ಚಿಕೊಳ್ಳದೆ ಅವನು ಒಂದು ದಿನವೂ ಸ್ಟೇರಿಂಗ್ ಮುಟ್ಟಿದವನಲ್ಲ. ಅವನ ಹೆಂಡತಿ ಕೆಂಚವ್ವ ನನ್ನನ್ನು ಅಣ್ಣಾರ ಎನ್ನುತ್ತಾಳೆ. ಅವಳ ಎದೆಯ ಕವಾಟವೊಂದು ಕೆಟ್ಟಿತ್ತು. ಅಂದು ಸಂಜೆ ಬಾಗಲಕೋಟೆಯ ದವಾಖಾನೆಗೆ ಸೇರಬೇಕು, ಮಂಗಳವಾರ ಮುಂಜಾನೆ ಆಪರೇಶನ್.

ಕೆಂಚವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹಣೆಯ ತುಂಬ ಭಂಡಾರ. ಸಿದ್ದಪ್ಪನ ಅಣ್ಣ, ಕುರಿ ಮೇಯಿಸುವ ಮುದುಕ, ಕಂಬಳಿಯ ಮೇಲೆ ಕೂತಿದ್ದ. ಬಾಗಿಲಲ್ಲಿ ಓಣಿಯ ಇಬ್ಬರು ಹೆಂಗಸರು ನಿಂತಿದ್ದರು.

"ಬರ್ರಿ ಅಣ್ಣಾರ. ಮಂಗಳವಾರ ನನ್ನ ಎದಿ ತಗದು ನೋಡತಾರಂತ. ಒಳಗ ಏನ್ ಸಿಗತೈತ್ಯೋ ಏನೋ. ಇವರಿಗಿ ಬೈಬೇಕಂತ ಇಟ್ಟಿದ್ದೆಲ್ಲಾ ಅಲ್ಲೇ ಐತಿ" ಎಂದಳು ಕೆಂಚವ್ವ.

ಹೆಂಗಸರು ನಕ್ಕರು. ಸಿದ್ದಪ್ಪ ನಗಲಿಲ್ಲ. ಅವನು ಎದ್ದು ಒಳಗೆ ಹೋಗಿ ಸುಮ್ಮನೆ ನೀರು ಕುಡಿದು ಬಂದ.

ಹೋಳಿಗೆ ತಿಂದದ್ದಾಯಿತು, ಚಹಾ ಆಯಿತು. ಹೊರಡುವಾಗ ನಾನು ಎಲ್ಲರೂ ಹೇಳುವ ಮಾತು ಹೇಳಿದೆ. "ಏನೂ ಆಗಂಗಿಲ್ಲ ತಂಗಿ. ನಾವೂ ಮನ್ಯಾಗ ಪ್ರಾರ್ಥನಾ ಮಾಡತೀವಿ."

"ಮನ್ಯಾಗ ಯಾಕ್ರಿ? ಇಲ್ಲೇ ಮಾಡ್ರಿ, ನಾನೂ ಕೇಳತೇನಿ" ಎಂದಳು ಕೆಂಚವ್ವ.

ನಾನು ಸುಶೀಲಾಳ ಕಡೆ ನೋಡಿದೆ. ಅವಳು ಡಬ್ಬಿಯ ಮುಚ್ಚಳ ಹಾಕುತ್ತ, "ಕೇಳಿದ್ದು ನಿಮಗ" ಎಂದಳು.

ಬಾಗಿಲಲ್ಲಿ ನಿಂತ ಹೆಂಗಸರು ಕಂಡರು. ಕ್ರಿಸ್ತರವರು ಊರೊಳಗೆ ಬಂದು ಪ್ರಾರ್ಥನೆ ಮಾಡಿದರು ಎಂದರೆ ಈಗಿನ ದಿನಗಳಲ್ಲಿ ಅದು ಯಾವ ಮಾತಿಗೆ ತಿರುಗುತ್ತದೋ ಎನಿಸಿತು. ಆ ನೆಪ ಸಿಕ್ಕದ್ದಕ್ಕೆ ಒಳಗೊಳಗೆ ಸಮಾಧಾನವೂ ಆಯಿತು. "ಸಿದ್ದಪ್ಪಾ, ನಿಮ್ಮ ಮನಿ, ನಿಮ್ಮ ದೇವರ ಮುಂದ, ನಾ ಹೆಂಗ…" ಎಂದೆ.

"ಬೀರಪ್ಪಗ ಎಲ್ಲಾ ಹೇಳೇವ್ರಿ ಸಾಹೇಬ್ರ" ಎಂದ ಸಿದ್ದಪ್ಪ. "ನಿಮ್ಮ ದೇವರ ಗುರ್ತು ನಮಗಿಲ್ಲ. ನಿಮಗೈತಿ. ಅದಕ್ಕ ನೀವ ಹೇಳ್ರಿ."

ಕಂಬಳಿಯ ಮೇಲೆ ಕೂತಿದ್ದ ಅವನ ಅಣ್ಣ ತಲೆಯ ರುಮಾಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ಕೆಂಚವ್ವಾ, ನನಗ ಅದು ಬರಂಗಿಲ್ಲವಾ" ಎಂದೆ. ಅಷ್ಟು ಸರಳವಾಗಿ ಈ ಮಾತನ್ನು ನಾನು ಅದುವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

"ಏನ್ ಬರಂಗಿಲ್ಲ? ಸ್ಟ್ಯಾಂಡಿನ್ಯಾಗ ಕುಂತಾಗ ನಿಮ್ಮ ದನಿ ಬಂತಂದ್ರ ನನಗ ಧೈರ್ಯ ಬರತಿತ್ರಿ. ಕೂಸಿನ್ನ ಕಟಗೊಂಡ ಒಬ್ಬಾಕೇ ಕುಂತಿರತಿದ್ನಿ. ನೀವು ಕರದ್ರಂದ್ರ ಬಸ್ ಬಂದಽ ಬರತಿತ್ತು."

"ನಾ ಬಂದ ಮ್ಯಾಲೆ ಕರೀತಿದ್ನವಾ."

ಅವಳು ನಕ್ಕಳು. ನಗುವಾಗ ಎದೆಯ ಮೇಲೆ ಕೈ ಹೋಯಿತು. "ಗೊತ್ತೈತ್ರಿ. ಆದ್ರೂ ಕೇಳಾಕ ಛಲೋ ಅನಸತಿತ್ತು." ಆಮೇಲೆ ದನಿ ಇಳಿಸಿ, ಬಾಗಿಲಿನವರಿಗೆ ಕೇಳಿಸದಂತೆ ಹೇಳಿದಳು. "ಅಣ್ಣಾರ, ನನಗ ಭಾಳ ಅಂಜಿಕಿ ಆಗೇತಿ."

ಹೊರಡಲು ಎದ್ದವನು ಮತ್ತೆ ಕೂತೆ. ಕಣ್ಣು ಮುಚ್ಚಿದೆ. ಅಪ್ಪನ ಸರ್ವಶಕ್ತನೂ ಕೃಪಾಪೂರ್ಣನೂ ಬರಲಿಲ್ಲ. ಹುಡುಕಿದೆ, ಸಿಗಲಿಲ್ಲ. ಮಿರಜದ ಆ ಹಾಸಿಗೆ ಮಾತ್ರ ಕಣ್ಣ ಮುಂದೆ ಬಂದು ನಿಂತಿತು. ಹೊರಗೆ ಕುರಿಮರಿಯೊಂದು ಒದರುತ್ತಿತ್ತು.

"ಯಪ್ಪಾ" ಎಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದು ಮನೆಯ ಮಾತಿನಲ್ಲೇ ಬಂತು. "ಕೆಂಚವ್ವ ಅಂಜ್ಯಾಳ. ಸಿದ್ದಪ್ಪನೂ ಅಂಜ್ಯಾನ, ಬಾಯಿ ಬಿಡವಲ್ಲ. ನಾನೂ ಅಂಜೇನಿ. ನಿನ್ನ ಹತ್ರ ಬಂದು ಕೇಳಾಕ ಅಂಜಿ ಭಾಳ ದಿನಾ ಆತು, ನಿನಗ ಗೊತ್ತೈತಿ ಯಾಕಂತ. ಮಂಗಳವಾರ ಈಕಿ ಜೋಡಿ ಇರು. ಡಾಕ್ಟರ್ ಕೈ ಗಟ್ಟಿ ಹಿಡಿ." ಅಲ್ಲಿಗೆ ನಿಲ್ಲಿಸಬಹುದಿತ್ತು. ಅಷ್ಟು ಹೇಳಿದ್ದರೆ ಏನೇ ಆದರೂ ಸುಳ್ಳಾಗುತ್ತಿರಲಿಲ್ಲ. ನಾನು ನಿಲ್ಲಿಸಲಿಲ್ಲ. "ನಮಗ ಈಕಿ ಬೇಕು. ಈಕಿನ್ನ ನಮಗ ಕೊಡು" ಎಂದೆ. ದನಿ ಒಡೆಯಿತು. ಆಮೆನ್ ಎನ್ನುವುದು ಮರೆತೇಹೋಯಿತು, ಅದನ್ನು ಸುಶೀಲಾಳೇ ಹೇಳಿದಳು.

ಕಣ್ಣು ತೆರೆದಾಗ ಸಿದ್ದಪ್ಪ ಬೆನ್ನು ಮಾಡಿ ನಿಂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಕೆಂಚವ್ವ ನನ್ನನ್ನೇ ನೋಡುತ್ತಿದ್ದಳು.

"ಇಷ್ಟನಾ?" ಎಂದಳು.

"ಇಷ್ಟಽ."

"ಮತ್ತ ಬರಂಗಿಲ್ಲ ಅಂದ್ರಿ. ನನಗ ಎಲ್ಲಾ ತಿಳೀತು."

ಬೀಳಗಿಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಸುಶೀಲಾ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಕಿಟಕಿಯಾಚೆ ನೋಡುತ್ತ ಕೂತಳು. ನಮ್ಮ ವಯಸ್ಸಿನವರು ಮುಧೋಳದ ಬಸ್ಸಿನಲ್ಲಿ ಹಾಗೆಲ್ಲ ಕೂರುವುದಿಲ್ಲ. ಕಂಡಕ್ಟರ್ ನನ್ನ ಗುರುತಿನವನು. ಟಿಕೆಟ್ ಕೊಟ್ಟು, ಕಾಣದವನಂತೆ ಮುಂದೆ ಹೋದ.

ಆಮೇಲೆ ಏನಾಯಿತು ಎಂದು ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಆಪರೇಶನ್ ಚೆನ್ನಾಗಿ ಆಯಿತು. ಕೆಂಚವ್ವ ಈಗ ನಿಧಾನವಾಗಿ ಹೊಳೆಯ ದಂಡೆಯವರೆಗೂ ನಡೆದು ಬರುತ್ತಾಳೆ, ಸಿದ್ದಪ್ಪನಿಗೆ ಮೊದಲಿನಂತೆ ಬೈಯುತ್ತಾಳೆ. ಇದು ನನ್ನ ಪ್ರಾರ್ಥನೆಯಿಂದ ಆದದ್ದು ಎಂದು ಎದೆ ತಟ್ಟಿ ಹೇಳಲಾರೆ. ಹಾಗೆ ಹೇಳಿದರೆ ರೂತ್‌ಳ ವಿಷಯಕ್ಕೆ ಏನು ಹೇಳಲಿ? ಅದು ನನಗೆ ಇಂದಿಗೂ ತಿಳಿದಿಲ್ಲ. ತಿಳಿಯದೆಯೂ ಕೇಳಬಹುದು ಎಂಬುದು ಮಾತ್ರ ತಿಳಿದಿದೆ. ಕೊಡುವುದು ಬಿಡುವುದು ಅವನದು, ಆದರೆ ಕೇಳದೆ ದೂರ ಕೂತ ಅಷ್ಟು ವರ್ಷ ನಾನು ಅವನ ಮೇಲೆ ಮುನಿಸಿಕೊಂಡಿದ್ದೆ ಎಂಬುದು ಅವನಿಗೂ ಗೊತ್ತಿದ್ದೀತು.

ನಾನು ಹೇಳಬೇಕೆಂದಿದ್ದುದು ಆ ಮಂಗಳವಾರ ಮುಂಜಾನೆಯ ಮಾತು. ಕಾಯಿಪಲ್ಯದ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತ ಕೂತಿದ್ದೆ. ಫೋನು ಬಂತು.

"ಸಾಹೇಬ್ರ, ಒಳಗ ಕರಕೊಂಡ ಹೊಂಟಾರ. ಆಕಿ ನಿಮ್ಮ ಜೋಡಿ ಮಾತಾಡಬೇಕಂತಾಳ" ಎಂದ ಸಿದ್ದಪ್ಪ.

ಕೆಂಚವ್ವನ ದನಿ ಸಣ್ಣದಾಗಿತ್ತು. "ಅಣ್ಣಾರ, ಅವತ್ತ ಹೇಳಿದ್ರೆಲಾ, ಅದನ್ನ ಇನ್ನೊಮ್ಮೆ ಹೇಳ್ರಿ. ಲಗೂನ ಹೇಳ್ರಿ, ಸಿಸ್ಟರ್ ಫೋನ್ ಕಸಗೊಳ್ಳಾಕ ನಿಂತಾಳ."

ಮಾರ್ಕೆಟ್ಟಿನ ಗದ್ದಲ ನಿಮಗೆ ಗೊತ್ತೇ ಇದೆ. ಒಂದು ಕಡೆ ಉಳ್ಳಾಗಡ್ಡಿ ಹರಾಜು, ಇನ್ನೊಂದು ಕಡೆ ಟಂಟಂ ಗಾಡಿಯ ಹಾರ್ನು. ಮೆಲ್ಲಗೆ ಹೇಳಿದರೆ ಬಾಗಲಕೋಟೆಗೆ ಕೇಳುವಂತಿರಲಿಲ್ಲ. ಎದ್ದು ನಿಂತೆ. ಒಂದು ಕಿವಿ ಮುಚ್ಚಿಕೊಂಡು, ಗಟ್ಟಿಯಾಗಿ ಹೇಳಿದೆ. ಈಕಿ ಅಂಜ್ಯಾಳ, ನಾವೂ ಅಂಜೇವಿ, ಜೋಡಿ ಇರು, ಈಕಿ ನಮಗ ಬೇಕು. ಈ ಸಲ ಆಮೆನ್ ಎಂದೆ. ಆ ಕಡೆಯಿಂದ "ಹೂಂ" ಎಂದು ಕೇಳಿತು, ಫೋನು ಕಟ್ಟಾಯಿತು.

ಸುತ್ತ ನೋಡಿದರೆ ಆ ಸಾಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಬದನೆಕಾಯಿ ಮಾರುವ ಹೆಂಗಸು ತಕ್ಕಡಿಯನ್ನು ಎತ್ತಿ ಹಿಡಿದವಳು ಹಾಗೇ ಹಿಡಿದುಕೊಂಡಿದ್ದಳು.

"ಯಾರಿಗ್ರಿ ಆರಾಮಿಲ್ಲದ್ದು?" ಎಂದಳು.

"ನಮ್ಮ ತಂಗಿಗಿ" ಎಂದೆ.

ಅವಳು ತಕ್ಕಡಿಯನ್ನು ಕೆಳಗಿಟ್ಟಳು. ಕೈಗೆ ಅಂಟಿದ ಮಣ್ಣನ್ನು ಸೆರಗಿಗೆ ಒರೆಸಿಕೊಂಡು, ಕೊರಳ ತಾಳಿಯನ್ನು ಹಿಡಿದು ಕಣ್ಣು ಮುಚ್ಚಿದಳು. ತುಟಿಗಳು ಅಲುಗಿದವು. ಯಾವ ದೇವರೋ, ಏನು ಕೇಳಿದಳೋ, ನನಗೆ ಕೇಳಿಸಲಿಲ್ಲ. ಅವಳು ಮುಗಿಸುವವರೆಗೆ ನಾನು ಕೈಚೀಲ ಹಿಡಿದು ನಿಂತಿದ್ದೆ.